ಬಿಟ್ಟ ಚಟ್ನಿ

ಆ ಮಾತು ಬರೆದದ್ದು ನಾನಲ್ಲ. ಇದನ್ನು ಇನ್ನೆಷ್ಟು ಸಲ ಹೇಳಬೇಕೋ ದೇವರಿಗೇ ಗೊತ್ತು. ಚೆನ್ನೈಯ ತಮಿಳು ಟಿವಿಗೆ ಹಾಸ್ಯ ಧಾರಾವಾಹಿ ಬರೆಯುವುದು ನನ್ನ ಕಸುಬು. ಜನ ನಕ್ಕರೆ ಹೆಸರು ನಟನಿಗೆ, ಬೈದರೆ ನನಗೆ.

ನಾನು ಬರೆದ ದೃಶ್ಯ ಇಷ್ಟೇ: ಉಡುಪಿ ಹೋಟೆಲಿನ ಒಬ್ಬ ಮುದಿ ಯಜಮಾನ. ಗಿರಾಕಿ ತಟ್ಟೆಯಲ್ಲಿ ಚಟ್ನಿ ಬಿಟ್ಟು ಎದ್ದರೆ ಕೈತೊಳೆಯುವ ಜಾಗದವರೆಗೂ ಬೆನ್ನುಹತ್ತಿ ಹೋಗಿ, "ಚಟ್ನಿ ನಲ್ಲಾ ಇಲ್ಲಿಯಾ, ಸಾರ್?" ಎಂದು ಕೇಳುತ್ತಾನೆ. ಚಟ್ನಿ ಚೆನ್ನಾಗಿಲ್ಲವೇ ಎಂದು. ಅದು ನನ್ನ ಅಪ್ಪನೇ. ಪುರಸೈವಾಕ್ಕಂನ ಸೀರೆ ಅಂಗಡಿಗಳ ಹಿಂದಿನ ಗಲ್ಲಿಯಲ್ಲಿ ಹೋಟೆಲ್ ನಡೆಸುವ ಗಂಗಾಧರ ರಾಯರು ಗಲ್ಲಾದಲ್ಲಿ ಕೂತು ನೋಡುವುದು ದುಡ್ಡನ್ನಲ್ಲ, ಒಳಗೆ ಹೋಗುವ ತಟ್ಟೆಗಳನ್ನು. ಯಾರಾದರೂ ಏನಾದರೂ ಬಿಟ್ಟರೆ ಕಾರಣ ತಿಳಿಯುವ ತನಕ ಅವರಿಗೆ ಸಮಾಧಾನವಿಲ್ಲ. ನಾನು ಪ್ರೀತಿಯಿಂದಲೇ ಬರೆದಿದ್ದೆ.

ಯಜಮಾನನ ಪಾತ್ರ ಮಾಡಿದ ಚಂದು ಚಿತ್ರೀಕರಣದ ದಿನ ತನ್ನದೊಂದು ಮಾತು ಸೇರಿಸಿದ. ಗಿರಾಕಿ "ಹೊಟ್ಟೆ ತುಂಬಿತು" ಎಂದಾಗ, "ಪರವಾಗಿಲ್ಲ, ಪಕ್ಕದ ಟೇಬಲಿಗೆ ಆಯಿತು" ಎಂದ. ಸೆಟ್ಟಿನಲ್ಲಿ ಎಲ್ಲರೂ ಬಿದ್ದು ಬಿದ್ದು ನಕ್ಕರಂತೆ. ನಾನು ಅಲ್ಲಿರಲಿಲ್ಲ, ಬರೆದವನನ್ನು ಸೆಟ್ಟಿಗೆ ಕರೆಯುವ ಪದ್ಧತಿಯೇ ನಮ್ಮಲ್ಲಿಲ್ಲ. ಎಂಜಲು ಚಟ್ನಿ ಬಡಿಸುತ್ತಾರೆ ಎನ್ನುವುದಕ್ಕಿಂತ ದೊಡ್ಡ ಬೈಗುಳ ನಮ್ಮ ಹೋಟೆಲಿನವರಿಗೆ ಬೇರೆ ಉಂಟೇ? ಆ ತುಣುಕು ಊರೆಲ್ಲಾ ಹರಿದಾಡಿತು. ಹೋಟೆಲ್ ಮಾಲೀಕರು ಚಾನೆಲ್ ಬಾಗಿಲಲ್ಲಿ ಧರಣಿ ಕೂತರು.

ಚಾನೆಲ್‌ನಲ್ಲಿ ನಮ್ಮ ಧಾರಾವಾಹಿ ನೋಡಿಕೊಳ್ಳುವ ರಜತ್ ಮೈಸೂರಿನವನು. ನನ್ನನ್ನು ಕರೆಸಿ ಕೂರಿಸಿದ.

"ಸರ್, ಒಂದ್ ಚಿಕ್ಕ ವಿಡಿಯೋ. 'ನಾನೇ ಬರೆದೆ, ಸಾರಿ' ಅಂದ್ಬಿಡಿ. ಮುಗೀತು."

"ಚಂದು ಹೇಳಲಿ. ಅವನ ಬಾಯಿಂದ ಬಂದದ್ದು."

"ಅವ್ರ ಮುಖ ನೋಡಿ ಜಾಹೀರಾತು ಬರೋದು ಸರ್. ನಿಮ್ಮ ಮುಖ ಯಾರಿಗೆ ಗೊತ್ತು? ಆಗಲ್ಲ ಅಂದ್ರೆ ಸೋಮವಾರದಿಂದ ಬೇರೆ ರೈಟರ್."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನೆಟ್ಟಗೆ ಅಪ್ಪನ ಹತ್ತಿರ ಹೋಗಿ ಎಲ್ಲ ಹೇಳಿದೆ.

"ಬರ್ದದ್ದು ನೀನಾ?" ಎಂದರು.

"ಅಲ್ಲ ಅಪ್ಪ."

"ಮತ್ತೆಂತ? ಮಾಡಿದವರ ಪಾಪ ಆಡಿದವರ ಬಾಯಲ್ಲಿ. ನಿನ್ನ ಮಗಳು ಕಾಲೇಜಿಗೆ ಹೋಗ್ಬೇಕಲ್ಲ, ಕೆಲಸ ಬಿಟ್ರೆ ಹೇಗೆ? ಹೇಳಿ ಬಾ ಮಾರಾಯ. ನಮ್ಮ ಚಟ್ನಿ ತಿಂದವರಿಗೆ ಗೊತ್ತುಂಟು."

ಹೇಳಿದೆ. ಕ್ಯಾಮೆರಾ ಮುಂದೆ ಕೂತು, ಆ ಮಾತು ನನ್ನದೇ ಎಂದು ಕೈಮುಗಿದೆ. ಧರಣಿ ನಿಂತಿತು. ಸಂಜೆಯೊಳಗೆ ಯಾರೋ ಪುಣ್ಯಾತ್ಮ ನಾನು ಯಾರ ಮಗ ಎಂಬುದನ್ನು ಹುಡುಕಿ ತೆಗೆದು, ಹೋಟೆಲಿನ ಫೋಟೊ ಸಮೇತ ಆನ್‌ಲೈನ್‌ನಲ್ಲಿ ಹಾಕಿದ: 'ಬರೆದವನು ಹೋಟೆಲಿನವರ ಮಗನೇ. ಕಣ್ಣಾರೆ ಕಂಡದ್ದನ್ನೇ ಬರೆದಿದ್ದಾನೆ.' ಥೂ, ನನ್ನ ಬುದ್ಧಿಗಿಷ್ಟು! ಕ್ಷಮೆ ಕೇಳಲು ಹೋಗಿ ಅಪ್ಪನ ವಿರುದ್ಧ ಸಾಕ್ಷಿ ಹೇಳಿ ಬಂದಿದ್ದೆ. ಚಂದು ಫೋನ್ ಮಾಡಿ ಥ್ಯಾಂಕ್ಸ್ ಬೇರೆ ಹೇಳಿದ.

ಮರುದಿನ ಬೆಳಿಗ್ಗೆ ಹೋಟೆಲಿಗೆ ಹೋದೆ. ಟಿಫಿನ್ನಿನ ಹೊತ್ತು, ಆದರೂ ಅರ್ಧಕ್ಕರ್ಧ ಟೇಬಲು ಖಾಲಿ. ನಾನು ಚಡ್ಡಿ ಹಾಕುತ್ತಿದ್ದ ಕಾಲದಿಂದಲೂ ಪಕ್ಕದ ಕೀಲ್ಪಾಕ್‌ನಿಂದ ಬರುವ ಮೇಷ್ಟರೊಬ್ಬರು ಇಡ್ಲಿ ತಿಂದು ಎದ್ದರು. ಚಟ್ನಿ ಬಡಿಸಿದ ಹಾಗೆಯೇ ಇತ್ತು, ಬೆರಳು ಕೂಡ ತಾಗಿಸಿರಲಿಲ್ಲ. ಅಪ್ಪ ಆ ತಟ್ಟೆ ನೋಡಿದರು. ಈಗ ಏಳುತ್ತಾರೆ, ಈಗ ಕೇಳುತ್ತಾರೆ ಎಂದು ನಾನು ಕಾದೆ. ಅವರು ತಲೆ ತಗ್ಗಿಸಿ, ಒರೆಸಿದ್ದ ಮೇಜನ್ನೇ ಮತ್ತೆ ಒರೆಸತೊಡಗಿದರು.

ನನಗೆ ತಡೆಯಲಾಗಲಿಲ್ಲ. ಕೈತೊಳೆಯುವಲ್ಲಿಗೆ ಹೋಗಿ ನಾನೇ ಕೇಳಿದೆ.

"ಚಟ್ನಿ ನಲ್ಲಾ ಇಲ್ಲಿಯಾ, ಸಾರ್?"

ಮೇಷ್ಟರು ತಿರುಗಿ ನನ್ನ ಮುಖ ನೋಡಿದರು. ವಿಡಿಯೋದಲ್ಲಿ ಕೈಮುಗಿದ ಮುಖ ನೆನಪಾಯಿತು; ಟಿವಿಯ ತಮಾಷೆಯನ್ನೇ ಮಾಡುತ್ತಿದ್ದೇನೆ ಎಂದುಕೊಂಡರು. ಹೊಟ್ಟೆ ಹಿಡಿದುಕೊಂಡು ನಕ್ಕರು, ನನ್ನ ಬೆನ್ನು ತಟ್ಟಿದರು, ನಗುತ್ತಲೇ ಹೊರಗೆ ಹೋದರು.

ಅಪ್ಪ ನನ್ನ ಕಡೆ ನೋಡಲಿಲ್ಲ. "ಸದಾ," ಎಂದರು, "ನೀನಿನ್ನು ಇಲ್ಲಿಗೆ ಬರ್ಬೇಡ."