ಭಾರವಿರುವಾಗ ಬಿಚ್ಚಬಾರದು

ನನಗೆ ಅರಳುಮರಳು ಅನ್ನುವವರು ಸ್ವಲ್ಪ ಬಾಯಿ ಮುಚ್ಚಿಕೊಂಡು ಕೇಳಿ. ಮೊನ್ನೆ ನಡೆದದ್ದನ್ನು ಮರೆಯುವಷ್ಟು ಮುದುಕ ನಾನಿನ್ನೂ ಆಗಿಲ್ಲ. ಸರಗೂರಿನಾಚೆಯ ಆದಿವಾಸಿ ಹಾಡಿಯ ಸೇತುವೆ ಬಿಚ್ಚಲು ಕ್ರೇನ್ ಬಂದು ನಿಂತಾಗ, ಅದನ್ನು ವಿನ್ಯಾಸ ಮಾಡಿದ ಎಂಜಿನಿಯರ್ ಶಾಂಭವಿಯ ಮುಖ ಸುಟ್ಟ ಬದನೆಕಾಯಿಯಂತಾಗಿತ್ತು.

ಹೊಳೆ ಹಳೆಯ ಮೋರಿಯನ್ನು ಕೊಚ್ಚಿಕೊಂಡು ಹೋದ ಮೇಲೆ ಆಕೆಯೇ ಈ ಸೇತುವೆಯನ್ನು ನಿಲ್ಲಿಸಿದ್ದು. ಹೆಗಲ ಮೇಲೆ ಹೊತ್ತು ತರಬಹುದಾದ ಉಕ್ಕಿನ ಚೌಕಟ್ಟುಗಳು, ಒಂದಕ್ಕೊಂದು ಕೂಡಿಸಲು ಗಟ್ಟಿ ಪಿನ್ನುಗಳು. ಹೊತ್ತವರು ಹಾಡಿಯವರೇ. "ಎಷ್ಟು ಬೇಗ ಕಟ್ತೀವೋ ಅಷ್ಟೇ ಬೇಗ ಬಿಚ್ಚಬಹುದು," ಎಂದು ಅವತ್ತು ಬೀಗಿದ್ದಳು. ಆ ಮಾತೇ ಈಗ ತಿರುಗುಬಾಣವಾಗಿತ್ತು. ಹಿನ್ನೀರಿನ ದಂಡೆಯ ರೆಸಾರ್ಟೊಂದರ ದಾರಿಯೂ ಕೊಚ್ಚಿಹೋಗಿದೆ. ಅಲ್ಲಿ ಈ ಭಾನುವಾರ ಯಾರೋ ದೊಡ್ಡವರ ಮಗಳ ಮದುವೆ. ಸೇತುವೆ ಅಲ್ಲಿಗೆ ಬೇಕಂತೆ!

"ಏನವ್ವಾ, ಬಿಚ್ಚಕೆ ಸಲೀಸಾಗ್ಲಿ ಅಂತ್ಲೇ ಕಟ್ಟಿದ್ದಾ?" ಎಂದ ಹಾಡಿಯವನೊಬ್ಬ, ಹುಚ್ಚ ಅಂತ ಅವನ ಹೆಸರು. ಅವನ ಹೆಂಡತಿ ಮುತ್ತಿಗೆ ತಿಂಗಳು ತುಂಬಿತ್ತು. "ನೋವು ಬಂದ್ರೆ ಇವ್ಳನ್ನ ನಿಮ್ ಕ್ರೇನ್‌ಗೆ ತಗ್ಲಾಕ್ಲಾ?"

ಶಾಂಭವಿ ಮೇಲಧಿಕಾರಿ ಗೌರೀಶನ ಕಡೆ ತಿರುಗಿದಳು. "ಸರ್, ಹೊಳೆ ಇನ್ನೂ ಇಳಿದಿಲ್ಲ."

"ಟೆಂಪರರಿ ಸೇತುವೆ ಕಣಮ್ಮಾ, ಇವ್ರಪ್ಪನ ಆಸ್ತಿ ಅಲ್ಲ. ಲೇ, ಪಿನ್ ಹೊಡೀರ್ಲಾ!"

ಕ್ರೇನಿನವರ ಸುತ್ತಿಗೆ ಮೇಲೆದ್ದಿತು. ಶಾಂಭವಿ ಮುಂದೆ ನುಗ್ಗಿದಳು.

"ನಿಲ್ಸಿ!" ಆಚೆ ದಡಕ್ಕೂ ಕೇಳುವಂತೆ ಕಿರುಚಿದಳು. "ಮೇಲೆ ಭಾರ ಇದ್ರೆ ಪಿನ್ ಬಿಗ್ಕೊಳ್ತದೆ. ಒಬ್ರು ಮೇಲಿದ್ರೂ ಬಿಚ್ಚೋ ಹಾಗಿಲ್ಲ. ರೂಲ್ಸು ಸರ್."

"ಮೇಲೆ ಯಾರಮ್ಮ ಅವ್ರೆ? ಖಾಲಿ ಬಿದ್ದೈತಲ್ಲ!" ಗೌರೀಶ ನಕ್ಕ.

ಆಕೆ ಹುಚ್ಚನನ್ನೇ ನೋಡಿದಳು.

ಮೊದಲು ಅರ್ಥವಾದದ್ದು ಮುತ್ತಿಗೆ. ಹೊಟ್ಟೆ ಹಿಡಿದುಕೊಂಡು ನಿಧಾನ ನಡೆದು ಬಂದು ನಟ್ಟನಡುವೆ ಕುಳಿತಳು. "ನಾನಿವ್ನಿ ಕಣಪ್ಪಾ. ಒಟ್ಟೇಲಿರದೂ ಸೇರ್ಸ್ಕೊಂಡ್ರೆ ಇಬ್ರು."

ಅವಳ ಹಿಂದೆ ಹಾಡಿಯೇ ಬಂತು, ಮೇಕೆಗಳೂ ಬಂದವು. ಹುಚ್ಚ ಏದುಸಿರು ಬಿಡುತ್ತ ಒರಳುಕಲ್ಲನ್ನೇ ಉರುಳಿಸಿಕೊಂಡು ಬಂದ. "ಭಾರ ಸಾಕಾ ಅವ್ವಾ, ಇನ್ನೊಂದ್ ತರ್ಲಾ?"

"ನಿನ್ನ ಸಸ್ಪೆಂಡ್ ಮಾಡಿಸ್ತೀನಿ!" ಎಂದ ಗೌರೀಶ.

ಶಾಂಭವಿ ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟು ಮುತ್ತಿಯ ಬಳಿ ಕುಳಿತಳು.

ಕ್ರೇನ್ ಇನ್ನೂ ತಿರುವಿನಲ್ಲೇ ನಿಂತಿದೆ. ಸೇತುವೆಯ ಮೇಲೆ ರಾಗಿ ಒಣಗುತ್ತಿದೆ. ಇದನ್ನು ನಿಮ್ಮ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿ, ಈಗಲೇ ಕಳಿಸಿ. ಭಾನುವಾರ ಇನ್ನೂ ಕಳೆದಿಲ್ಲ. ಸಂಜೆ ಹೊತ್ತು ಅಲ್ಲಿ ಕೂರುವವರು ಕಡಿಮೆ.