ಸೇನಾಪತಿಯ ಬೆನ್ನ ಹಿಂದಿನ ಪರದೆ

ನಾನು ಒಂದು ಪರದೆ. ನಾಟಕ ಕಂಪನಿಯ ಪರದೆ. ನನ್ನ ಮೇಲೆ ಬರೆದಿರುವುದು ಸೆರೆಮನೆ.

ಗದಗಿನ ಹಳೆಯ ಗೋದಾಮೊಂದರಲ್ಲಿ ಮಾದರಪಾಟ ಬಟ್ಟೆ ಹಾಸಿ, ಸರೇಸಿನ ಅಂಟು ಕಾಯಿಸಿ, ಬಣ್ಣದ ಪುಡಿ ಕಲಸಿ ಖಾದರಸಾಬರು ನನ್ನನ್ನು ಬರೆದರು. ಅವರು ಜೈಲು ನೋಡಿದವರಲ್ಲ. ಯಾವುದೋ ಕಚೇರಿಯ ಕಿಟಕಿ ನೋಡಿಕೊಂಡು ಬಂದು ಕಂಬಿ ಎಳೆದರು. ಕಂಬಿಗಳ ನಡುವೆ ಬೆಕ್ಕೇನು, ಸಣಕಲು ಕಳ್ಳನೂ ತೂರಬಹುದಿತ್ತು. ಯಾರೂ ತಕರಾರು ಮಾಡಲಿಲ್ಲ. ದೀಪ ಬಿದ್ದರೆ ನಾನು ಜೈಲಿನಂತೆಯೇ ಕಾಣುತ್ತಿದ್ದೆ.

ನನ್ನನ್ನು ಕೊಂಡವರು ಸುಭದ್ರಾಬಾಯಿ. ಊರಿಂದೂರಿಗೆ ತಿರುಗುವ ಕಂಪನಿಯ ಮಾಲಕಿ. ಎಲ್ಲರ ಬಾಯಲ್ಲಿ ಅಕ್ಕಾರು. ಅರಮನೆ, ಕಾಡು, ರಸ್ತೆಯ ಪರದೆಗಳ ಜೊತೆ ನನ್ನನ್ನೂ ಬಿದಿರಿಗೆ ಸುತ್ತಿ ಲಾರಿಗೇರಿಸುತ್ತಿದ್ದರು. ಆಟಕ್ಕೆ ಮುಂಚೆ ಪ್ರತಿ ಪರದೆಗೂ ಊದುಬತ್ತಿ ಬೆಳಗುವುದು ಅಲ್ಲಿಯ ಪದ್ಧತಿ. ಜೈಲಿಗೂ ಊದುಬತ್ತಿ ಬೆಳಗಿದ ಜನರನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಒಂದು ವರ್ಷ ಹೊಸ ನಾಟಕ ಬಂತು. ಯುದ್ಧ ಗೆದ್ದ ಸೇನಾಪತಿಯೊಬ್ಬ ಶರಣಾದ ಸೈನಿಕನನ್ನು ಕೊಂದಿರುತ್ತಾನೆ. ಅನುಮಾನದ ಮೇಲೆ ಸೆರೆಗೆ ಬೀಳುತ್ತಾನೆ. ಕೊನೆಯ ದೃಶ್ಯದಲ್ಲಿ ನನ್ನ ಮುಂದೆ ನಿಂತು, ‘ಕೈ ಎತ್ತಿದವನನ್ನು ನಾನೇ ಕೊಂದೆ’ ಎಂದು ಒಪ್ಪಿಕೊಳ್ಳಬೇಕು.

ಆ ಪಾತ್ರ ದುಂಡಪ್ಪನದು. ಗೋಕಾಕ ಕಡೆಯವನು. ಮಿಲಿಟರಿಯಲ್ಲಿದ್ದು, ಗಡಿಯ ಯುದ್ಧ ಮುಗಿಸಿ ಬಂದವನು. ಪಾತ್ರವನ್ನು ಅವನೇ ಕೇಳಿ ಪಡೆದಿದ್ದ. ಆದರೆ ಆ ಮಾತು ಬಂದಾಗ ಅದನ್ನು ಬಿಟ್ಟುಬಿಡುತ್ತಿದ್ದ. ‘ಧರ್ಮಕ್ಕೆ ಜಯವಾಗಲಿ’ ಎಂದು ಏನೋ ಕೂಗಿ ಒಳಗೆ ಬಂದುಬಿಡುತ್ತಿದ್ದ. ಸೇನಾಪತಿ ಮಾಡಿದ ತಪ್ಪೇನೆಂದು ತಿಳಿಯದೆ ಜನ ಮನೆಗೆ ಹೋಗುತ್ತಿದ್ದರು.

ಒಂದು ಬೆಳಗ್ಗೆ ತಾಲೀಮಿನಲ್ಲಿ ಅಕ್ಕಾರಿಗೆ ಸಿಟ್ಟು ಬಂತು.

“ಆ ಮಾತ ಬಿಟ್ಟರ ನಾಟಕದಾಗ ಉಳಿಯೂದೇನು? ಐತವಾರ ಹೇಳಲಿಲ್ಲಂದ್ರ ಪಾರ್ಟು ವಿರುಪಣ್ಣಗ.”

ವಿರುಪಣ್ಣ ಕಂಪನಿಯ ಹಾಸ್ಯನಟ. ಅವನು ಗಾಬರಿಯಾದ. “ನನಗಾ? ನಾ ಜೈಲಿನ್ಯಾಗ ನಿಂತ್ರ ಮಂದಿ ನಗತಾರ್ರೀ ಅಕ್ಕಾರ. ಕೋಳಿ ಕದ್ದು ಸಿಕ್ಕಾನಂತಾರ.”

ದುಂಡಪ್ಪ ನಗಲಿಲ್ಲ. “ಅಕ್ಕಾರ, ನಾನೂ ಒಬ್ಬನ್ನ ಹಂಗ ಹೊಡದೀನ್ರಿ. ಕೈ ಎತ್ತಿದ್ದ.”

ಹಾರ್ಮೋನಿಯಂ ನುಡಿಸುತ್ತಿದ್ದ ಪೇಟಿ ಮಾಸ್ತರರ ಕೈ ನಿಂತಿತು. ಅಕ್ಕಾರ ಸಿಟ್ಟು ಇಳಿಯಿತು.

“ಹಂಗಾರ ಬ್ಯಾಡ ಬಿಡಪಾ. ಬ್ಯಾರೆ ಪಾರ್ಟು ಕೊಡ್ತೀನಿ.”

“ಬ್ಯಾಡ್ರಿ. ಹೇಳಬೇಕಂತನ ಈ ಪಾರ್ಟು ಕೇಳೀನಿ. ಮನ್ಯಾಗೂ ಹೇಳಿಲ್ಲ. ಬಾಯಿಗೆ ಬರವಲ್ದು.”

ಯುದ್ಧದಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅವನು ಹೇಳಿದಷ್ಟೇ ನನಗೆ ಗೊತ್ತು.

ಅಕ್ಕಾರು ಹೇಳಿದ ಭಾನುವಾರ ಬಂತು, ಮಧ್ಯಾಹ್ನದ ಆಟ. ಕೊನೆಯ ದೃಶ್ಯಕ್ಕೆ ನನ್ನನ್ನು ಇಳಿಸಿದರು. ಪರದೆಗೆ ಯಾರೂ ತಾಗಬಾರದು. ತಾಗಿದರೆ ಕಲ್ಲಿನ ಗೋಡೆ ಅಲುಗಾಡಿ ಜನ ನಗುತ್ತಾರೆ. ದುಂಡಪ್ಪ ಅದನ್ನು ಮರೆತ. ಮಾತಿನ ಹತ್ತಿರ ಬಂದವನು ಒಂದೊಂದೇ ಹೆಜ್ಜೆ ಹಿಂದೆ ಸರಿದು ನನಗೆ ಬೆನ್ನು ಕೊಟ್ಟ. ನನ್ನ ಕಂಬಿಗಳು ತೂಗಾಡಿದವು. ಅಷ್ಟರಲ್ಲಿ ನನ್ನ ಹಿಂದೆ ಎರಡು ಅಂಗೈಗಳು ಬಂದು ಒತ್ತಿ ನಿಂತವು. ವಿರುಪಣ್ಣ! ಕೋಮಾಳಿಯ ಬಣ್ಣದಲ್ಲೇ ಓಡಿಬಂದಿದ್ದ. ಅವನ ಕೈ, ನಡುವೆ ನಾನು, ಈಚೆ ದುಂಡಪ್ಪನ ಬೆನ್ನು. ಗೋಡೆ ಗಟ್ಟಿಯಾಯಿತು.

“ಕೈ ಎತ್ತಿದವನನ್ನು ನಾನೇ ಕೊಂದೆ!”

ಇಡೀ ಟೆಂಟು ಅತ್ತಿತೆಂದು ಆಮೇಲೆ ಕೆಲವರು ಹೇಳಿಕೊಂಡರು. ಅದು ನಿಜವಲ್ಲ. ಹಿಂದಿನ ಸಾಲಿನಲ್ಲಿ ಶೇಂಗಾ ಸುಲಿಯುವುದು ನಿಂತಿರಲಿಲ್ಲ. ನಡೆದದ್ದು ಇನ್ನೂ ಕಷ್ಟದ್ದು. ಯಾರೋ ಶಿಳ್ಳೆ ಹಾಕಿ, “ವನ್ಸ್ ಮೋರ್!” ಎಂದರು. ಇನ್ನು ನಾಲ್ಕು ಮಂದಿ ಸೇರಿದರು.

ಕಂಪನಿ ನಾಟಕದಲ್ಲಿ ಹಿಡಿಸಿದ್ದನ್ನು ಮತ್ತೆ ಮಾಡಿಸುವುದು ಪ್ರೇಕ್ಷಕರ ಹಕ್ಕು. ಸತ್ತ ರಾಜನೂ ಎದ್ದು ಹಾಡಿ ಮತ್ತೆ ಸಾಯಬೇಕು. ಆದರೆ ಇದು?

“ಇವರ ಬಾಯಾಗ ಮಣ್ಣ ಬೀಳಲಿ,” ಎಂದು ವಿರುಪಣ್ಣ ನನ್ನ ಹಿಂದೆ ಗೊಣಗಿದ. ರಂಗದ ಮುಂಭಾಗದ ಪರದೆ ಇಳಿಸಲು ಅಕ್ಕಾರು ಕೈ ಎತ್ತಿದರು. ದುಂಡಪ್ಪ ಬೇಡವೆಂದು ತಲೆ ಆಡಿಸಿದ.

ಎರಡನೆಯ ಸಲ ಅವನು ನಾಟಕದ ಭಾಷೆಯಲ್ಲಿ ಹೇಳಲಿಲ್ಲ.

“ಕೈ ಎತ್ತಿದ್ದ. ಬಂದೂಕು ನೆಲಕ್ಕ ಒಗದಿದ್ದ. ನೀರ ಕೇಳಿದ. ಎಲ್ಲಾ ಗೊತ್ತಿದ್ದೂ ಹೊಡದೆ.”

ಶೇಂಗಾ ಸದ್ದೂ ನಿಂತಿತು. ನೆಲದ ಟಿಕೆಟ್ಟಿನಲ್ಲಿ ಕುಳಿತ ಮುದುಕಿಯೊಬ್ಬಳು, ಅಂಗಳದಲ್ಲಿ ಮಗನಿಗೆ ಹೇಳುವಂತೆ ಹೇಳಿದಳು: “ಸಾಕೋ ಯಪ್ಪಾ. ಕುಂದ್ರು.”

ದುಂಡಪ್ಪ ಕುಳಿತ. ನಾಟಕದಲ್ಲಿ ಸೇನಾಪತಿ ನಿಂತೇ ಇರಬೇಕಿತ್ತು. ಯಾರೂ ತಿದ್ದಲಿಲ್ಲ.

ಮರುದಿನ ಟೆಂಟಿನ ಬಾಗಿಲಿಗೆ ಅಕ್ಕಾರು ಹಲಗೆ ಹಾಕಿಸಿದರು: ‘ಸೆರೆಮನೆ ದೃಶ್ಯಕ್ಕೆ ವನ್ಸ್ ಮೋರ್ ಇಲ್ಲ.’ ಆ ಊರಿನ ಕ್ಯಾಂಪು ಮುಗಿದ ಮೇಲೆ ದುಂಡಪ್ಪ ರಜೆ ಕೇಳಿ ಊರಿಗೆ ಹೋದ. ಹೆಂಡತಿಗೆ ಹೇಳಿ ಬಂದೆನೆಂದು ವಿರುಪಣ್ಣನಿಗೆ ತಿಳಿಸಿದ. “ಏನಂದಳು?” ಎಂದರೆ, “ಊಟಕ್ಕ ನೀಡಿದಳು,” ಎಂದ. ಆಮೇಲೆ ಕಂಪನಿ ಇರುವವರೆಗೂ ಆ ಪಾತ್ರ ಅವನದೇ.

ಟೆಂಟಿಗೆ ಜನ ಬರುವುದು ನಿಂತು ಕಂಪನಿ ಮುಚ್ಚಿತು. ನಾನು ಒಂದು ಶಾಲೆಗೆ ಹೋದೆ, ವಾರ್ಷಿಕ ಗ್ಯಾದರಿಂಗಿನ ನಾಟಕಗಳಲ್ಲಿ ನಿಂತೆ. ಬಣ್ಣ ಉದುರಿತು. ಬಿದಿರಿಗೆ ಹುಳ ಹಿಡಿಯಿತು. ಈಗ ಅಂಗನವಾಡಿಯೊಂದರ ಮೂಲೆಯಲ್ಲಿದ್ದೇನೆ. ಊಟವಾದ ಮೇಲೆ ನನ್ನನ್ನು ಮಡಚಿ ಹಾಸುತ್ತಾರೆ, ಮಕ್ಕಳು ಮಲಗುತ್ತಾರೆ.

ದುಂಡಪ್ಪನಿಗೆ ಕ್ಷಮೆ ಸಿಕ್ಕಿತೆಂದು ನಾನು ಹೇಳಲಾರೆ. ಕೊಡಬೇಕಾದವನು ಟೆಂಟಿನಲ್ಲಿರಲಿಲ್ಲ. ಸಿಕ್ಕಿದ್ದು ಕುಳಿತುಕೊಳ್ಳಲು ಒಂದು ಜಾಗ. ಅದನ್ನು ಕೊಟ್ಟ ಮುದುಕಿಯ ಹೆಸರು ನನಗೆ ಗೊತ್ತಿಲ್ಲ. ನೆಲದ ಟಿಕೆಟ್ಟಿನವಳು ಎಂದಷ್ಟೇ ಗೊತ್ತು. ಅವಳಿಗೆ ನಾನು ಋಣಿ.