ಟವೆಲ್ಲಿನಡಿಯ ಜೀಪು

ನಾನು ಅವಸರದ ಮನುಷ್ಯ. ಬಸ್ಸು ನಿಲ್ಲುವ ಮೊದಲೇ ಇಳಿಯುವವನು, ಎದುರಿಗಿದ್ದವರ ಮಾತು ಮುಗಿಯುವ ಮೊದಲೇ ಉತ್ತರ ಕೊಡುವವನು. ಬಸ್ಸಿನಿಂದ ಹಾಗೆ ಇಳಿದು ಎರಡು ಸಲ ಮಂಡಿ ತರಚಿಕೊಂಡಿದ್ದೇನೆ, ಅದು ವಾಸಿಯಾಯಿತು. ತೊಂಬತ್ತಾರರಲ್ಲಿ ತೆರಕಣಾಂಬಿ ಸಂತೆಯಲ್ಲಿ ಆಡಿದ ಒಂದು ಮಾತು ಮಾತ್ರ ಇನ್ನೂ ವಾಸಿಯಾಗಿಲ್ಲ.

ಆಗ ನಾವು ಗುಂಡ್ಲುಪೇಟೆಯಲ್ಲಿದ್ದೆವು. ಅಪ್ಪ ಕರಿಬಸವಯ್ಯ, ಅವ್ವ ಯಶೋದಮ್ಮ, ನಮ್ಮ ಸೋದರತ್ತೆ, ನಾನು, ನನ್ನ ಹೆಂಡತಿ ಭಾನು, ಇಬ್ಬರು ಮಕ್ಕಳು. ಏಳು ಜನ. ಮನೆಯಲ್ಲಿದ್ದದ್ದು ನನ್ನದೊಂದು ಸ್ಕೂಟರು. ನಾನು ಚಾಮರಾಜನಗರದ ರೇಷ್ಮೆ ಇಲಾಖೆಯಲ್ಲಿ ಗುಮಾಸ್ತ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಅವ್ವನ ಮಂಡಿ ಆ ವರ್ಷ ತೀರಾ ಕೆಟ್ಟಿತ್ತು. ಬಸ್ಸಿನ ಮೆಟ್ಟಿಲು ಹತ್ತುವಾಗ ಅವರನ್ನು ಹಿಂದಿನಿಂದ ಒಬ್ಬರು ನೂಕಬೇಕು, ಮುಂದಿನಿಂದ ಒಬ್ಬರು ಎಳೆಯಬೇಕು. ಕಂಡಕ್ಟರು ಗೊಣಗಿದರೆ ಅವ್ವ ನಗುತ್ತಿದ್ದರು, ಮನೆಗೆ ಬಂದು ಅಳುತ್ತಿದ್ದರು. ಅವರಿಗಿದ್ದದ್ದು ಒಂದೇ ಆಸೆ. ಮನೆಯವರೆಲ್ಲ ಒಂದೇ ಗಾಡಿಯಲ್ಲಿ ಕೂತು ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗಿಬರಬೇಕು.

ಆ ವರ್ಷ ಅಪ್ಪ ಬೆಳೆದ ಅರಿಶಿನಕ್ಕೆ ಒಳ್ಳೆಯ ಬೆಲೆ ಬಂತು. ಅದಕ್ಕೆ ನನ್ನ ಉಳಿತಾಯ ಸೇರಿಸಿದರೆ ಏಳು ಜನ ಕೂರುವ ಗಾಡಿಯೊಂದನ್ನು ಕೊಳ್ಳಬಹುದು ಅನ್ನಿಸಿತು. ಅನ್ನಿಸಿದ್ದಷ್ಟೇ. ಮೈಸೂರಿನ ಷೋರೂಮಿನಲ್ಲಿ ಕೇಳಿದರೆ, ಹೆಸರು ಬರೆಸಿ ಎಂಟು ತಿಂಗಳು ಕಾಯಿರಿ ಅಂದರು. ಬೆಲೆ ಹೇಳಿದ ಮೇಲೆ ಎಂಟು ವರ್ಷ ಕಾದರೂ ಆಗುವುದಿಲ್ಲ ಅಂತ ನನಗೆ ಗೊತ್ತಾಯಿತು. ಹಳೆಯ ಗಾಡಿಗಳಿಗೂ ಅದೇ ಪಾಡು. ಬೆಳಿಗ್ಗೆ ಮಾರಾಟಕ್ಕಿದೆ ಅಂತ ಕೇಳಿದ್ದು ಸಂಜೆಗೆ ಇರುತ್ತಿರಲಿಲ್ಲ. ಟ್ಯಾಕ್ಸಿಯವರು, ಟೊಮೇಟೊ ವ್ಯಾಪಾರಿಗಳು, ಗಡಿಯಾಚೆಯಿಂದ ಬರುವ ಮಲಯಾಳಿಗಳು ಎಲ್ಲರೂ ಅಂಥ ಗಾಡಿಯನ್ನೇ ಹುಡುಕುತ್ತಿದ್ದರು. ನಾನು ಆಫೀಸಿನ ಹಾಳೆಯಲ್ಲಿ ಗೆರೆ ಎಳೆದು ಪಟ್ಟಿ ಮಾಡಿದೆ. ಮೈಲೇಜು, ಸೀಟು, ಏಸಿ, ಮಾದರಿ, ವರ್ಷ. ಆರು ಗಾಡಿ ಬರೆದೆ, ಆರನ್ನೂ ಹೊಡೆದುಹಾಕಿದೆ.

ಕೊನೆಗೆ ಸೋತು ಅಪ್ಪನ ಹತ್ತಿರ ಹೋದೆ. ನೆನಪಿರಲಿ, ನಾನಾಗಿಯೇ ಹೋದೆ. "ಅಪ್ಪಾ, ನೀವೇ ಒಂದು ಗಾಡಿ ನೋಡಿ" ಅಂದೆ.

ಅಪ್ಪನಿಗೆ ಗಾಡಿಯ ಗಂಧಗಾಳಿ ಇರಲಿಲ್ಲ. ಅವರಿಗೆ ಗೊತ್ತಿದ್ದದ್ದು ಎತ್ತು. ಸುತ್ತಿನ ಹಳ್ಳಿಗಳಲ್ಲಿ ಯಾರೇ ಎತ್ತು ಕೊಳ್ಳಲಿ, ತೆರಕಣಾಂಬಿ ಸಂತೆಗೆ ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಅಪ್ಪ ದಲ್ಲಾಳಿಯಲ್ಲ, ಒಂದು ಪೈಸೆ ಮುಟ್ಟುತ್ತಿರಲಿಲ್ಲ, ಹೆಚ್ಚೆಂದರೆ ಒಂದು ಕಾಫಿ. ಹೆಗಲ ಮೇಲಿನ ಟವೆಲ್ಲನ್ನು ಕೈಗೆ ಹಾಸಿ ಅದರಡಿಯಲ್ಲಿ ಮಾರುವವನ ಬೆರಳು ಹಿಡಿಯುವರು. ಎಷ್ಟು ಬೆರಳು, ಯಾವ ಗೆಣ್ಣು ಎಂಬುದರಲ್ಲೇ ಬೆಲೆ ನಡೆಯುತ್ತದೆ, ಸುತ್ತ ನಿಂತವರಿಗೆ ಗೊತ್ತಾಗುವುದಿಲ್ಲ. ಇಬ್ಬರಿಗೂ ಒಪ್ಪಿಗೆಯಾದರೆ ಅಂಗೈ ಒತ್ತುತ್ತಾರೆ. ಒತ್ತಿದ ಮೇಲೆ ಮುಗಿಯಿತು. ಕಾಗದ ಬೇಡ, ಸಾಕ್ಷಿ ಬೇಡ, ಮರುದಿನ ಹೆಚ್ಚಿನ ಗಿರಾಕಿ ಬಂದರೂ ಮಾರುವವನು ಕೊಡುವುದಿಲ್ಲ. ಮೂವತ್ತು ವರ್ಷದಲ್ಲಿ ಅಪ್ಪ ಒತ್ತಿದ ಕೈ ಒಮ್ಮೆಯೂ ಹಿಂದಕ್ಕೆ ಬಂದಿರಲಿಲ್ಲ. ನಮ್ಮ ಮನೆಯಲ್ಲಿ ಆಸ್ತಿ ಅಂತ ಇದ್ದರೆ ಅದೇ.

"ನೋಡ್ತೀನಿ ಕಣ್ಲಾ. ಆದ್ರೆ ನಾನು ಕೈ ಒತ್ತಿದ್ ಮ್ಯಾಲೆ ನೀನು ಮಾತಾಡ್ಬಾರ್ದು" ಅಂದರು ಅಪ್ಪ.

"ಇಲ್ಲ ಬುಡಿ" ಅಂದೆ.

ಹದಿನೈದು ದಿನ ಅಪ್ಪ ಓಡಾಡಿದರು. ಪುಣಜನೂರಿನ ಪುಟ್ಟಮಾದಯ್ಯ ಅಂತ ಒಬ್ಬರು, ಸಂತೆಯ ಪರಿಚಯ. ಅವರ ಹತ್ತಿರ ಉದ್ದ ಬಾಡಿಯ ಹಸಿರು ಜೀಪಿತ್ತು. ಕಣ್ಣಿಗೆ ಪೊರೆ ಬಂದು ಓಡಿಸಲಾಗದೆ ಮಾರಬೇಕೆಂದಿದ್ದರು. ಅಪ್ಪ ಅಲ್ಲಿಗೆ ಹೋಗಿ ಒಂದು ರಾತ್ರಿ ಉಳಿದುಕೊಂಡೇ ಬಂದರು. ಯಾಕೆ ಅಂದರೆ, "ಎತ್ತು ಎಂಗದೆ ಅಂತ ಬೆಳಗಾಗ ಏಳೋವಾಗ ಗೊತ್ತಾಯ್ತದೆ. ಇದೂ ಅಂಗೇ. ಚಳೀಲಿ ಒಂದೇ ಸಲಕ್ಕೆ ಎದ್ದು ನಿಂತ್ಕತು" ಅಂದರು. ಗಾಡಿ ನಿಂತಿದ್ದ ನೆಲವನ್ನು ಕೈಯಿಂದ ಮುಟ್ಟಿ ಎಣ್ಣೆ ಸೋರಿದೆಯಾ ಅಂತ ನೋಡಿದರಂತೆ. ಪುಟ್ಟಮಾದಯ್ಯ ಅದರ ಬಾಗಿಲನ್ನು ಹೇಗೆ ಹಾಕುತ್ತಾರೆ ಅಂತ ನೋಡಿದರಂತೆ. ಮೆಲ್ಲಗೆ ಹಾಕುತ್ತಾರಂತೆ.

ನಾನೂ ಭಾನೂ ಅಡುಗೆಮನೆಯಲ್ಲಿ ಇದನ್ನು ಹೇಳಿಕೊಂಡು ಹೊಟ್ಟೆ ಹಿಡಿದು ನಕ್ಕೆವು. "ಬಾಲ ತಿರುಚಿ ನೋಡಲಿಲ್ವಂತಾ?" ಅಂದೆ ನಾನು. ಅಪ್ಪ ಹಜಾರದಲ್ಲೇ ಇದ್ದರು. ಕೇಳಿಸಿರಬೇಕು.

ಮುಂದಿನ ಸಂತೆಯ ದಿನ ಪುಟ್ಟಮಾದಯ್ಯನವರ ಅಳಿಯ ಜೀಪನ್ನು ತೆರಕಣಾಂಬಿಗೆ ಓಡಿಸಿಕೊಂಡು ಬಂದ. ನಾನು ಆಫೀಸಿನಲ್ಲಿದ್ದೆ. ಹನ್ನೊಂದು ಗಂಟೆಗೆ ಮೈಸೂರಿನಿಂದ ನನಗೊಂದು ಫೋನು ಬಂತು. ಹಿಂದೊಮ್ಮೆ ವಿಚಾರಿಸಿದ್ದ ಒಬ್ಬ ಗಾಡಿ ದಲ್ಲಾಳಿ. "ಸಾರ್, ಫೋಟೋ ಕಳಿಸಿದ್ನಲ್ಲ ಆ ಬಿಳೀ ಗಾಡಿ, ಏಳು ಸೀಟು, ಏಸಿ ಇದೆ, ಸ್ಟೀರಿಯೋ ಇದೆ. ಡಾಕ್ಟರೊಬ್ಬರದು, ಮನೆಯಿಂದ ಆಸ್ಪತ್ರೆಗೆ ಬಿಟ್ಟರೆ ಬೇರೆಲ್ಲೂ ಓಡಿಲ್ಲ. ಇನ್ನಿಬ್ಬರು ಕಾಯ್ತಿದ್ದಾರೆ, ಸಂಜೆಯೊಳಗೆ ಹೇಳಿ." ಹಿಂದಿನ ವಾರ ಅದೇ ಗಾಡಿಯ ಫೋಟೋ ಕಳಿಸಿದ್ದ. ಭಾನು ಅದನ್ನು ದೇವರ ಗೂಡಿನ ಪಕ್ಕ ಸಿಕ್ಕಿಸಿದ್ದಳು. ನಾನು ಅರ್ಧ ದಿನ ರಜೆ ಬರೆದುಕೊಟ್ಟು ಬಸ್ಸು ಹತ್ತಿದೆ. ಅಪ್ಪ ಕೈ ಒತ್ತುವುದರೊಳಗೆ ತಲುಪಬೇಕು ಅಂತ ದಾರಿಯುದ್ದಕ್ಕೂ ವಾಚು ನೋಡಿದೆ.

ತಲುಪಿದಾಗ ಹುಣಸೆಮರದ ಕೆಳಗೆ ಇಪ್ಪತ್ತು ಮೂವತ್ತು ಜನ ಗುಂಪುಗೂಡಿದ್ದರು. ಅಷ್ಟು ಹೊತ್ತಿಗೆ ಅಪ್ಪ ಜೀಪಿಗೆ ಒಂಬತ್ತು ಜನರನ್ನೂ ಎರಡು ಮೂಟೆ ಹಿಂಡಿಯನ್ನೂ ತುಂಬಿ ದಿಣ್ಣೆ ಹತ್ತಿಸಿ ಇಳಿಸಿ ನೋಡಿದ್ದರು. ಅಪ್ಪನೂ ಪುಟ್ಟಮಾದಯ್ಯನೂ ಎದುರುಬದುರು ನಿಂತಿದ್ದರು. ಕೈಗಳ ಮೇಲೆ ಅಪ್ಪನ ನೀಲಿ ಅಂಚಿನ ಟವೆಲ್ಲು. ಅಪ್ಪ ನನ್ನನ್ನು ಕಂಡು ಮುಖ ಅರಳಿಸಿದರು.

"ಬಾ ಬಾ. ಈಗ್ತಾನೆ ಮುಗೀತು ಕಣ್ಲಾ."

ಆಗಲೇ ಮುಗಿದಿತ್ತು. ಅಷ್ಟಕ್ಕೇ ನನ್ನ ಬಾಯಿ ಮುಚ್ಚಬೇಕಿತ್ತು. ದಲ್ಲಾಳಿಯ ಫೋನು, ವಾಚಿನ ಮುಳ್ಳು, ಏಸಿ, ಸ್ಟೀರಿಯೋ ಎಲ್ಲ ತಲೆಗೇರಿದ್ದವು. ಅಪ್ಪನನ್ನು ಪಕ್ಕಕ್ಕೆ ಕರೆದಾದರೂ ಹೇಳಬಹುದಿತ್ತು. ಅಲ್ಲೇ, ಅಷ್ಟೂ ಜನರ ಮುಂದೆ, "ಮುಗೀತು ಅಂದ್ರೆ? ಬೆರಳು ಹಿಸುಕಿದ್ದೆಲ್ಲ ಅಗ್ರಿಮೆಂಟ್ ಆಗುತ್ತಾ? ಇದೇನು ಎತ್ತಾ? ದುಡ್ಡು ಕೊಡೋನು ನಾನು. ನನಗೆ ಈ ಜೀಪು ಬೇಡ" ಅಂದುಬಿಟ್ಟೆ.

ದುಡ್ಡಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಪ್ಪನ ಅರಿಶಿನದ್ದು.

ಸುತ್ತ ನಿಂತವರು ನೆಲ ನೋಡಿದರು. ಯಾರೋ ಕೆಮ್ಮಿದರು. ಅಪ್ಪ ಟವೆಲ್ಲಿನಡಿಯಿಂದ ಮೆಲ್ಲಗೆ ಕೈ ತೆಗೆದರು. ಟವೆಲ್ಲನ್ನು ಎರಡು ಮಡಿಕೆ ಮಾಡಿದರು, ನಾಲ್ಕು ಮಾಡಿದರು, ಎಂಟು ಮಾಡಿದರು. ಹೆಗಲಿಗೆ ಹಾಕಿಕೊಳ್ಳದೆ ಕಂಕುಳಲ್ಲಿ ಇಟ್ಟುಕೊಂಡರು. ಪುಟ್ಟಮಾದಯ್ಯ ಪೊರೆ ಬಂದ ಕಣ್ಣನ್ನು ಕಿರಿದು ಮಾಡಿ ನನ್ನತ್ತ ನೋಡಿ, "ನಿಮ್ಮ ಮಗನಾ ಅಣ್ಣಾರೆ?" ಅಂದರು. ಅಪ್ಪ ಹೂಂ ಅಂದರು. ಬಸ್ಸಿನಲ್ಲಿ ಮನೆಗೆ ಬರುವಾಗ ನಾನೇ ಮಾತಾಡಿದೆ, ಏಸಿಯ ಬಗ್ಗೆ.

ಬಿಳೀ ಗಾಡಿ ಬಂತು. ಬೀದಿಯವರೆಲ್ಲ ನೋಡಿದರು. ಅವ್ವ ಮೆತ್ತಗಿನ ಸೀಟನ್ನು ಸವರಿ, "ಚೆನ್ನಾಗದೆ ಕಣಪ್ಪ" ಅಂದರು. ಮೂರನೆಯ ವಾರಕ್ಕೆ ಏಸಿ ನಿಂತಿತು. ಮಳೆ ಬಂದ ದಿನ ಕಾಲ ಕೆಳಗೆ ನೀರು ಬಂತು. ಗುಂಡ್ಲುಪೇಟೆಯ ಮೆಕ್ಯಾನಿಕ್ ಬಾನೆಟ್ಟಿನ ಒಳಗೆ ಇಣುಕಿ, "ಇದು ಎಲ್ಲೋ ಮಗುಚಿಕೊಂಡಿದ್ ಗಾಡಿ ಸಾರ್, ತಟ್ಟಿ ಪೇಂಟ್ ಹೊಡ್ದವ್ರೆ" ಅಂದ. ಡಾಕ್ಟರೂ ಇರಲಿಲ್ಲ, ಆಸ್ಪತ್ರೆಯೂ ಇರಲಿಲ್ಲ. ದಲ್ಲಾಳಿಯ ಫೋನು ಬೇರೆ ಯಾರೋ ಎತ್ತುತ್ತಿದ್ದರು. ನಾನು ಮನೆಯಲ್ಲಿ ಇದನ್ನು ಹೇಳಲಿಲ್ಲ. ರಿಪೇರಿಗೆ ಬಿಟ್ಟಾಗಲೆಲ್ಲ ಸರ್ವಿಸು ಅನ್ನುತ್ತಿದ್ದೆ.

ಅಪ್ಪ ಸಂತೆಗೆ ಹೋಗುವುದನ್ನು ಬಿಟ್ಟರು. ಮೊದಲ ಎರಡು ವಾರ ಸುಸ್ತು ಅಂದುಕೊಂಡೆ. ಆಮೇಲೆ ಒಂದು ಬೆಳಿಗ್ಗೆ ಮದ್ದೂರು ಕಡೆಯ ರೈತರೊಬ್ಬರು ಬಂದು, "ಒಂದ್ ಜೊತೆ ಎತ್ತು ಹಿಡ್ಕೊಡಿ" ಅಂತ ಕೂತರು. ಅಪ್ಪ ಅವರಿಗೆ ಕಾಫಿ ಕೊಡಿಸಿ, "ಬೇರೆಯವ್ರ ಕರ್ಕೊಂಡೋಗಪ್ಪ. ಈಗ ನಾ ಕೈ ಇಡೀತಾ ಇಲ್ಲ" ಅಂದರು. ನಾನು ಒಳಗೆ ಶೂಗೆ ಲೇಸು ಕಟ್ಟುತ್ತಿದ್ದೆ. ಕಟ್ಟಿ ಮುಗಿದ ಮೇಲೂ ಬಗ್ಗಿಯೇ ಕೂತಿದ್ದೆ. ಆ ಟವೆಲ್ಲು ಮತ್ತೆ ಅವರ ಹೆಗಲ ಮೇಲೆ ಕಾಣಲಿಲ್ಲ.

ಶ್ರಾವಣ ಬಂತು. ಅವ್ವ ಬೆಟ್ಟ ಬೆಟ್ಟ ಅಂತ ಶುರು ಮಾಡಿದರು. ನನಗೆ ಒಳಗೇ ಭಯ, ಆದರೂ ಹೊರಡಿಸಿದೆ. ಏಳು ಜನ, ಪುಳಿಯೋಗರೆ, ನೀರಿನ ಕ್ಯಾನು. ಹಂಗಳದವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಬೆಟ್ಟದ ತಿರುವು ಶುರುವಾದದ್ದೇ ಏದುಸಿರು ಬಿಡತೊಡಗಿತು. ದೇವಸ್ಥಾನ ಇನ್ನೊಂದು ಮೈಲಿ ಇದೆ ಅನ್ನುವಾಗ ಬಾನೆಟ್ಟಿನಿಂದ ಹೊಗೆ ಬಂದು ನಿಂತೇಬಿಟ್ಟಿತು. ಮಕ್ಕಳು ಕಲ್ಲು ಹುಡುಕಿ ಚಕ್ರಕ್ಕೆ ಇಟ್ಟರು. ಅಪ್ಪ ಇಳಿದು ರಸ್ತೆಯ ಅಂಚಿನಲ್ಲಿ ನಿಂತರು. ಹೊರೆ ಹಾಕಿ ದಿಣ್ಣೆ ಹತ್ತಿಸಿ ನೋಡಿದ್ದೆಯಾ ಅಂತ ಕೇಳುತ್ತಾರೆ ಅಂದುಕೊಂಡೆ. ಕೇಳಿದ್ದರೆ ನನಗೆ ಹಗುರವಾಗುತ್ತಿತ್ತು.

ಅರ್ಧ ಗಂಟೆ ಕಳೆದ ಮೇಲೆ ಕೆಳಗಿನ ತಿರುವಿನಿಂದ ಒಂದು ಗಾಡಿಯ ಸದ್ದು ಬಂತು. ತುಂಬಿದ ಗಾಡಿ, ಆದರೂ ಸಮನಾದ ಸದ್ದು. ಅಪ್ಪ ನೋಡುವ ಮೊದಲೇ ಗುರುತು ಹಿಡಿದರು ಅಂತ ಕಾಣುತ್ತೆ, ಮುಖ ತಿರುಗಿಸಿದರು. ಹಸಿರು ಜೀಪು. ಅಳಿಯ ಓಡಿಸುತ್ತಿದ್ದ, ಪಕ್ಕದಲ್ಲಿ ಪುಟ್ಟಮಾದಯ್ಯ.

ಪುಟ್ಟಮಾದಯ್ಯ ಜೀಪು ನಿಲ್ಲಿಸಲು ಹೇಳಿ ಇಳಿದರು. ತಮ್ಮ ಕಡೆಯವರನ್ನು ಒತ್ತರಿಸಿ ಕೂರಿಸಿ ಅವ್ವನಿಗೆ ಮುಂದಿನ ಸೀಟು ಕೊಟ್ಟರು. ಅತ್ತೆ, ಭಾನು, ಮಕ್ಕಳು ಹಿಂದೆ ಹತ್ತಿದರು. "ಅಣ್ಣಾರೆ, ನೀವೂ ಬನ್ನಿ, ಜಾಗ ಅದೆ" ಅಂದರು ಪುಟ್ಟಮಾದಯ್ಯ.

"ನಾನು ನಡ್ಕ ಬತ್ತೀನಿ, ನೀವು ಓಗಿ" ಅಂದರು ಅಪ್ಪ.

"ಆನೆ ಓಡಾಡೋ ಜಾಗ ಮಾವ" ಅಂದಳು ಭಾನು. ಅಪ್ಪ ಆಗಲೇ ನಡೆಯತೊಡಗಿದ್ದರು. ಅವರಿಗೆ ಅರವತ್ತೆಂಟು. ನಾನು ಹಿಂದೆ ನಡೆದೆ. ಮಂಜು ಇಳಿಯುತ್ತಿತ್ತು. ಅಪ್ಪನ ಬರೀ ಹೆಗಲು ನನ್ನ ಕಣ್ಣ ಮುಂದೆಯೇ ಇತ್ತು. ಒಂದು ಕಡೆ ಉಸಿರು ತೆಗೆದುಕೊಳ್ಳಲು ನಿಂತಾಗ, "ಅಪ್ಪಾ, ತಪ್ಪಾಯ್ತು" ಅಂದೆ.

"ನಂಗ್ಯಾಕ್ ಯೋಳೀಯೆ" ಅಂದರು, ಮತ್ತೆ ನಡೆದರು.

ಮೇಲೆ ದೇವಸ್ಥಾನದ ಮುಂದೆ ಜೀಪು ನಿಂತಿತ್ತು. ಪುಟ್ಟಮಾದಯ್ಯ ಅದಕ್ಕೆ ಒರಗಿ ನಿಂತಿದ್ದರು. ನಾನು ಹತ್ತಿರ ಹೋಗಿ, "ಇನ್ನೂ ಮಾರಿಲ್ವಾ?" ಅಂದೆ.

"ಕೇರಳದೋರು ಇಬ್ರು ಬಂದಿದ್ರು. ಜಾಸ್ತೀನೇ ಕೊಡ್ತೀವಿ ಅಂದ್ರು. ಎಂಗೆ ಮಾರನ? ನಿಮ್ಮಪ್ಪಾರು ಅಂಗೈ ಒತ್ತವ್ರೆ. ಬುಟ್ಟೆ ಅಂತ ಅವ್ರು ಬಾಯಲ್ಲಿ ಯೋಳಿಲ್ಲ. ನೀವು ಅಂದ್ರಿ, ಅವ್ರು ಅನ್ನಿಲ್ಲ. ಇವತ್ತು ಬತ್ತಾರೆ, ನಾಳೆ ಬತ್ತಾರೆ ಅಂತ ಇಟ್ಕೊಂಡಿವ್ನಿ."

ನಾಲ್ಕು ತಿಂಗಳು. ಬೆಳಿಗ್ಗೆ ಇದ್ದ ಗಾಡಿ ಸಂಜೆಗಿಲ್ಲದ ಕಾಲದಲ್ಲಿ ಈ ಮನುಷ್ಯ ನಾಲ್ಕು ತಿಂಗಳು ಅಪ್ಪನಿಗಾಗಿ ಕಾದಿದ್ದರು. ನನ್ನ ಕಣ್ಣು ತುಂಬಿತು. ನಾಚಿಕೆಯೂ ಆಯಿತು, ಎಲ್ಲಿಂದಲೋ ಆಸೆಯೂ ಹುಟ್ಟಿತು. ಇನ್ನೂ ಸರಿಮಾಡಬಹುದು ಅನ್ನಿಸಿತು. ಅಪ್ಪ ಬಂದು ನಿಂತಿದ್ದರು. ನಾನು ಕೈ ಚಾಚಿ, "ನಾನೇ ತಗೋತೀನಿ. ಅವತ್ತು ಆದ ಬೆಲೆಗೋ, ನೀವು ಹೇಳಿದ ಬೆಲೆಗೋ. ಬಿಳೀದನ್ನ ಸಿಕ್ಕಿದ್ದಕ್ಕೆ ಮಾರ್ತೀನಿ" ಅಂದೆ.

ಪುಟ್ಟಮಾದಯ್ಯ ನನ್ನ ಕೈ ನೋಡಲಿಲ್ಲ. ಕಣ್ಣು ಕಿರಿದು ಮಾಡಿ ಮಂಜಿನಲ್ಲಿ ಅಪ್ಪನನ್ನು ಹುಡುಕಿದರು. "ಅಣ್ಣಾರು ಕೈ ಕೊಡ್ಲಿ. ಈಗ್ಲೇ ಬೀಗದ್ ಕೈ ಕೊಟ್ಬುಡ್ತೀನಿ" ಅಂದು ತಮ್ಮ ಹೆಗಲಿನ ಟವೆಲ್ಲನ್ನು ತೆಗೆದು ಕೈಗೆ ಹಾಸಿಕೊಂಡರು.

ಅಪ್ಪ ಆ ಟವೆಲ್ಲನ್ನು ಸ್ವಲ್ಪ ಹೊತ್ತು ನೋಡಿದರು. ಅವರ ಬಲಗೈ ಒಂದು ಗೇಣು ಮೇಲೆದ್ದಿತು, ನಾನು ನೋಡಿದೆ. ಆಮೇಲೆ ಎರಡೂ ಕೈಗಳನ್ನು ಜೋಡಿಸಿ ಪುಟ್ಟಮಾದಯ್ಯನಿಗೆ ಮುಗಿದರು.

"ಬುಟ್ಟಿವ್ನಿ ಕಣಪ್ಪ ಪುಟ್ಟಮಾದಣ್ಣ. ನಾನೇ ಬಾಯಲ್ಲಿ ಯೋಳ್ತಾ ಇವ್ನಿ. ನೀನು ಯಾರ್ಗಾದ್ರೂ ಮಾರ್ಕೊ" ಅಂದು ಚಪ್ಪಲಿ ಬಿಟ್ಟು ದೇವಸ್ಥಾನದ ಮೆಟ್ಟಿಲು ಹತ್ತಿದರು.

ಪುಟ್ಟಮಾದಯ್ಯ ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡು ಅವರ ಹಿಂದೆ ಹೋದರು. ನಾನು ಚಾಚಿದ್ದ ಕೈ ಇನ್ನೂ ಹಾಗೇ ಇತ್ತು. ಅದನ್ನು ಎಲ್ಲಿಡಬೇಕೋ ತಿಳಿಯದೆ ಜೀಪಿನ ಬಾಗಿಲ ಮೇಲೆ ಇಟ್ಟೆ. ಯಾರೋ ಸರಿಯಾಗಿ ಹಾಕಿರಲಿಲ್ಲ. ಮೆಲ್ಲಗೆ ಹಾಕಿದೆ.